7 ಕಿಲೋಮೀಟರ್ ಆಚೆ ಬಿದ್ದ ಗುಂಡನ್ನು ನೋಡುವುದು ಹೇಗೆ? ವಯೋಮಿಂಗ್‌ನ ಒಂದು ಪ್ರಕರಣ

2022ರ ಸೆಪ್ಟೆಂಬರ್ 13. ಅಮೆರಿಕದ ವಯೋಮಿಂಗ್ ರಾಜ್ಯದ ಪೈನ್‌ಡೇಲ್ ಊರಿನ ಹೊರಗಿನ ಬಯಲು. ಜಾಕ್ಸನ್ ಊರಿನ ನೋಮ್ಯಾಡ್ ರೈಫಲ್‌ಮನ್ ತಂಡ ಅಲ್ಲಿ ಬೀಡುಬಿಟ್ಟಿತ್ತು. ಸ್ಕಾಟ್ ಆಸ್ಟಿನ್ ಮತ್ತು ಶೆಪರ್ಡ್ ಹಂಫ್ರೀಸ್ ತಂಡದ ಮುಂದಾಳುಗಳು. ಗುರಿ ಇದ್ದದ್ದು 7,774 ಗಜ ದೂರದಲ್ಲಿ. ಅಂದರೆ 7.1 ಕಿಲೋಮೀಟರ್, ಸುಮಾರು 4.4 ಮೈಲಿ. ಹೊಡೆಯಬೇಕಾದದ್ದು 8 ಇಂಚಿನ ಕಿತ್ತಳೆ ಬಣ್ಣದ ಬುಲ್ಸ್‌ಐ, ಅಂದರೆ ಗುರಿಯ ನಡುವಿನ ವೃತ್ತ. .416 ಬ್ಯಾರೆಟ್, ಅಂದರೆ 0.416 ಇಂಚು ದಪ್ಪದ ಗುಂಡು ಹಾರಿಸುವ ರೈಫಲ್. 68 ಗುಂಡು ತಪ್ಪಿದವು. 69ನೆಯದು 24.5 ಸೆಕೆಂಡ್ ಗಾಳಿಯಲ್ಲಿದ್ದು ಬುಲ್ಸ್‌ಐಗೆ ತಾಗಿತು. ಟ್ರಿಗರ್ ಒತ್ತಿದವರು ತಮ್ಮ ಹೆಸರು ಹೊರಗೆ ಬರುವುದು ಬೇಡ ಅಂದರು.

ಸುದ್ದಿಯಲ್ಲೆಲ್ಲ ರೈಫಲ್ಲಿನ ಮಾತು, ದೂರದ ಮಾತು. ನನಗೆ ಮುಖ್ಯ ಅನ್ನಿಸುವುದು ಆ ಮೊದಲ 68 ಗುಂಡುಗಳು. ಒಂದೊಂದೂ ಎಲ್ಲಿ ಬಿತ್ತು ಅಂತ ಗೊತ್ತಾದರೆ ಮಾತ್ರ ಮುಂದಿನದನ್ನು ತಿದ್ದಬಹುದು. ಗೊತ್ತಾಗದಿದ್ದರೆ ಅದು ಖರ್ಚಾದ ಮದ್ದು ಅಷ್ಟೇ. ಈ ಪ್ರಕರಣದಲ್ಲಿ ಗೆದ್ದದ್ದು ಗುರಿಯ ಕಡೆ ಇದ್ದ ಕಣ್ಣು ಅಂತ ನನ್ನ ವಾದ. ಆ ಕಣ್ಣಿನ ಕೆಲಸಕ್ಕೆ ಕ್ಯಾಮೆರಾ ಎಷ್ಟು ಆಗಿಬರುತ್ತದೆ, ಡ್ರೋನ್ ಎಷ್ಟು ಆಗಿಬರುತ್ತದೆ ಅನ್ನುವುದನ್ನು ಇದೇ ಪ್ರಕರಣದ ಅಂಕಿಗಳನ್ನು ಇಟ್ಟುಕೊಂಡು ನೋಡೋಣ.

ಅಂಕಿಗಳು ಹೇಳುವ ಕಷ್ಟ

ನಳಿಗೆಯಿಂದ ಹೊರಟಾಗ ಗುಂಡಿನ ವೇಗ ಸೆಕೆಂಡಿಗೆ ಸುಮಾರು 3,300 ಅಡಿ ಅಂತ ವರದಿಯಾಯಿತು. ಗುರಿ ಮುಟ್ಟುವಾಗ ಉಳಿದದ್ದು 689 ಅಡಿ, ಅಂದರೆ ಸೆಕೆಂಡಿಗೆ 210 ಮೀಟರ್. 24.5 ಸೆಕೆಂಡ್ ಗಾಳಿಯಲ್ಲಿ ಇರಬೇಕಾದರೆ ಗುಂಡು ಮೇಲಕ್ಕೆ ಹೋಗಿಯೇ ಕೆಳಕ್ಕೆ ಬರಬೇಕು. ಗುರುತ್ವಾಕರ್ಷಣೆಯ ಲೆಕ್ಕ ಹಾಕಿದರೆ ಅದು 700 ಮೀಟರ್‌ಗಿಂತ ಮೇಲೆ ಏರಿರುತ್ತದೆ. ಮೈಸೂರಿನಲ್ಲಿ ನಿಂತು ನೋಡಿದರೆ ಚಾಮುಂಡಿ ಬೆಟ್ಟ ಎಷ್ಟು ಎತ್ತರ ಕಾಣುತ್ತದೋ ಅದರ ಎರಡು ಪಟ್ಟಿಗಿಂತ ಜಾಸ್ತಿ.

ಈಗ ಗಾಳಿ. ಗಾಳಿಯ ತಡೆಯೇ ಇಲ್ಲದಿದ್ದರೆ ಈ ಗುಂಡು 7 ಸೆಕೆಂಡಿನಲ್ಲಿ ಗುರಿ ಮುಟ್ಟುತ್ತಿತ್ತು. ನಿಜವಾಗಿ ತೆಗೆದುಕೊಂಡದ್ದು 24.5 ಸೆಕೆಂಡ್. ನಡುವಿನ 17 ಚಿಲ್ಲರೆ ಸೆಕೆಂಡನ್ನು ಅಡ್ಡಗಾಳಿಯ ವೇಗದಿಂದ ಗುಣಿಸಿದರೆ ಗುಂಡು ಪಕ್ಕಕ್ಕೆ ಎಷ್ಟು ಸರಿಯುತ್ತದೆ ಅಂತ ಸಿಗುತ್ತದೆ. ಗಾಳಿಯನ್ನು ಅಂದಾಜು ಮಾಡುವಾಗ ಗಂಟೆಗೆ ಒಂದೇ ಒಂದು ಮೈಲಿ ತಪ್ಪಿದರೂ ಸಾಕು, ಗುಂಡು ಹೆಚ್ಚುಕಡಿಮೆ 8 ಮೀಟರ್ ಪಕ್ಕಕ್ಕೆ ಬೀಳುತ್ತದೆ. ಬುಲ್ಸ್‌ಐ ಇರುವುದೇ 20 ಸೆಂಟಿಮೀಟರ್. ಕೆನ್ನೆಗೆ ತಾಗಿದರೂ ಸರಿಯಾಗಿ ಗೊತ್ತಾಗದಷ್ಟು ಸಣ್ಣ ಗಾಳಿ, ಗುರಿಯ 40 ಪಟ್ಟು ದೂರಕ್ಕೆ ಗುಂಡನ್ನು ಒಯ್ಯುತ್ತದೆ.

ಹಾಗಾಗಿ ಮೊದಲ ಗುಂಡುಗಳು ಬೋರ್ಡಿನ ಹತ್ತಿರವೂ ಸುಳಿಯದೆ ಮಣ್ಣಿಗೆ ಬೀಳುವುದೇ ಸಹಜ. ಸಾವಿರ ಗಜದ ಸ್ಪರ್ಧೆಯಲ್ಲಿ ಕಾಗದದ ಮೇಲಿನ ತೂತು ಹುಡುಕಿದರೆ ಕೆಲಸ ಮುಗಿಯಿತು. ಇಲ್ಲಿ ಮೊದಲು ಹುಡುಕಬೇಕಾದದ್ದು ಬಯಲಿನಲ್ಲಿ ಎದ್ದ ಧೂಳನ್ನು. ಇವು ಎರಡು ಬೇರೆ ಬೇರೆ ಕೆಲಸ. ಎರಡಕ್ಕೂ ಒಂದೇ ಉಪಕರಣ ಸಾಕು ಅಂದುಕೊಳ್ಳುವುದರಿಂದಲೇ ಎಷ್ಟೋ ದುಡ್ಡು ಹಾಳಾಗುತ್ತದೆ.

ಗುಂಡು ಹೊಡೆಯುವ ಕಡೆಯಿಂದ ನೋಡಿದರೆ

ಒಳ್ಳೆಯ ದುರ್ಬೀನು ತಂದರೆ ಆಗುವುದಿಲ್ಲವಾ ಅಂತ ಯಾರಾದರೂ ಕೇಳುತ್ತಾರೆ. ಆಗುವುದಿಲ್ಲ. ಕಾರಣ ಬೆಳಕಿನ ನಿಯಮದಲ್ಲೇ ಇದೆ.

.416 ಗುಂಡಿನ ತೂತು 10.6 ಮಿಲಿಮೀಟರ್. 7.1 ಕಿಲೋಮೀಟರಿನಿಂದ ಅದು ಮಾಡುವ ಕೋನ 0.3 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಒಂದು ಪಾಲು ಒಂದು ಆರ್ಕ್‌ಸೆಕೆಂಡ್). ಅಷ್ಟು ಸೂಕ್ಷ್ಮವನ್ನು ಬಿಡಿಸಿ ತೋರಿಸಬೇಕಾದರೆ ಮುಂದಿನ ಗಾಜು ಸುಮಾರು 38 ಸೆಂಟಿಮೀಟರ್ ಅಗಲ ಇರಬೇಕು. ಅದು ನಕ್ಷತ್ರ ನೋಡುವ ದೂರದರ್ಶಕದ ಅಳತೆ. ಶೂಟರ್‌ಗಳು ಗುರಿ ನೋಡಲು ಸಾಮಾನ್ಯವಾಗಿ ಬಳಸುವ ದೊಡ್ಡ ದುರ್ಬೀನಿನ, ಅಂದರೆ ಸ್ಪಾಟಿಂಗ್ ಸ್ಕೋಪಿನ, ಗಾಜು 80 ಮಿಲಿಮೀಟರ್. ಅದರ ಮಿತಿ 1.45 ಆರ್ಕ್‌ಸೆಕೆಂಡ್. .308 ಗುಂಡಿನ ತೂತನ್ನು ಸಾವಿರ ಗಜದಲ್ಲಿ ಹುಡುಕುವಾಗಲೇ ಆ ಸ್ಕೋಪ್ ತನ್ನ ಮಿತಿಯ ಅಂಚಿನಲ್ಲಿರುತ್ತದೆ. ಒಂದು ಮೈಲಿಗೆ ಹೋದರೆ ಮಿತಿ ದಾಟಿ ಹೋಗುತ್ತದೆ.

ಇಷ್ಟೂ ಗಾಳಿ ಪೂರ್ತಿ ತಿಳಿಯಾಗಿದ್ದರೆ ಆಗುವ ಲೆಕ್ಕ. ಬಿಸಿಲು ಏರಿದ ಮೇಲೆ ನೆಲದಿಂದ ಎದ್ದ ಬಿಸಿಗಾಳಿ ನಡುವೆ ನಿಂತು ಎಲ್ಲವನ್ನೂ ಕುದಿಸುತ್ತದೆ. ಗಾಜು ದೊಡ್ಡದಾದಷ್ಟೂ ಆ ಕುದಿತವೇ ದೊಡ್ಡದಾಗಿ ಕಾಣುತ್ತದೆ.

ಅದಕ್ಕೇ ವಯೋಮಿಂಗ್ ತಂಡ ಗುರಿಯ ಹತ್ತಿರದಲ್ಲೇ ಸ್ಪಾಟರ್‌ಗಳನ್ನು, ಅಂದರೆ ಗುಂಡು ಎಲ್ಲಿ ಬಿತ್ತು ಅಂತ ನೋಡಿ ಹೇಳುವವರನ್ನು, ಇಟ್ಟುಕೊಂಡಿತ್ತು. ಇದು ಹೊಸ ಉಪಾಯವೇನೂ ಅಲ್ಲ. ಲಂಡನ್ ಹತ್ತಿರದ ಬಿಸ್ಲಿ ಶೂಟಿಂಗ್ ಮೈದಾನದಲ್ಲಿ ಮಾರ್ಕರ್‌ಗಳು ಗುರಿಯ ಕೆಳಗಿನ ಬಟ್ಸ್ ಅನ್ನುವ ಮರೆಯಲ್ಲಿ ಕುಳಿತು, ಗುಂಡು ಬಿದ್ದಾಗ ಬೋರ್ಡ್ ಕೆಳಗಿಳಿಸಿ, ತೂತಿಗೆ ಬಿಲ್ಲೆ ಸಿಕ್ಕಿಸಿ ಮತ್ತೆ ಮೇಲೆತ್ತುವ ಪದ್ಧತಿ ಬಹಳ ಹಳೆಯದು. ನೋಡುವವರು ಹತ್ತಿರ ಇದ್ದರೂ ಗುಂಡು ಯಾರದ್ದು, ಯಾವ ಗುರಿಗೆ ಬಿತ್ತು ಅನ್ನುವ ಲೆಕ್ಕ ಬೇರೆಯೇ ಇರುತ್ತದೆ. 1874ರಲ್ಲಿ ನ್ಯೂಯಾರ್ಕಿನ ಕ್ರೀಡ್‌ಮೋರ್‌ನಲ್ಲಿ ಐರ್ಲೆಂಡ್ ಮತ್ತು ಅಮೆರಿಕ ತಂಡಗಳ ನಡುವೆ ಪಂದ್ಯ ನಡೆಯಿತು. ಐರ್ಲೆಂಡಿನ ಮಿಲ್ನರ್ ಹೊಡೆದ ಗುಂಡು ಬುಲ್ಸ್‌ಐ ನಡುವಿಗೇ ಬಿತ್ತು, ಆದರೆ ಪಕ್ಕದವರ ಬೋರ್ಡಿಗೆ. 4 ಅಂಕ ಬರಬೇಕಾದ ಕಡೆ ಸೊನ್ನೆ. ಅಮೆರಿಕ 934, ಐರ್ಲೆಂಡ್ 931. ಆ ಒಂದು ಗುಂಡು ಸರಿಯಾದ ಬೋರ್ಡಿಗೆ ಬಿದ್ದಿದ್ದರೆ ಐರ್ಲೆಂಡ್ 935 ಆಗಿ ಗೆಲ್ಲುತ್ತಿತ್ತು.

ಸಾವಿರ ಗಜದ ಸ್ಪರ್ಧೆಗಳಲ್ಲಿ ಈಗ ಮೈಕ್ ಇಟ್ಟ ಎಲೆಕ್ಟ್ರಾನಿಕ್ ಟಾರ್ಗೆಟ್‌ಗಳು ಬಂದಿವೆ. ಚೌಕಟ್ಟಿನ ಮೂಲೆಗಳಲ್ಲಿರುವ ಮೈಕುಗಳು ಗುಂಡಿನ ಛಟಾರ್ ಸದ್ದನ್ನು ಹಿಡಿದು ಅದು ದಾಟಿದ ಜಾಗ ಲೆಕ್ಕ ಹಾಕುತ್ತವೆ. ಗುಂಡು ಸದ್ದಿಗಿಂತ ವೇಗವಾಗಿ ಬಂದರೆ ಮಾತ್ರ ಆ ಛಟಾರ್ ಇರುತ್ತದೆ. ವಯೋಮಿಂಗ್ ಗುಂಡು ಸೆಕೆಂಡಿಗೆ 210 ಮೀಟರ್‌ಗೆ ಇಳಿದಿತ್ತು. ಸದ್ದು ಹೋಗುವುದು ಸುಮಾರು 340 ಮೀಟರ್. ಹಾಗಾಗಿ ಆ ಟಾರ್ಗೆಟ್ ಇಲ್ಲಿ ಕೆಲಸಕ್ಕೆ ಬಾರದು. ಇನ್ನೂ ಒಂದು ಸೋಜಿಗ ಇದೆ. ರೈಫಲ್ಲಿನ ಸದ್ದು 7.1 ಕಿಲೋಮೀಟರ್ ದಾಟಲು ಸುಮಾರು 21 ಸೆಕೆಂಡ್ ಸಾಕು. ಗುಂಡಿಗೆ 24.5 ಬೇಕು. ಅಷ್ಟು ದೂರಕ್ಕೆ ಸದ್ದು ಕೇಳಿಸುವ ಹಾಗಿದ್ದರೆ, ಗುರಿಯ ಬಳಿ ಇದ್ದವರಿಗೆ ಮೊದಲು ಸದ್ದು ಬರುತ್ತದೆ, ಗುಂಡು ಬರುವುದು ಆಮೇಲೆ.

ಕ್ಯಾಮೆರಾ ಎಲ್ಲಿಡಬೇಕು, ಎಷ್ಟು ಬೇಕು

ಸುಮ್ನೆ ಗುರಿಯ ಪಕ್ಕ ಒಂದು ಕ್ಯಾಮೆರಾ ಇಟ್ಟರೆ ಆಗಲ್ವಾ? 4ಕೆ ಕ್ಯಾಮೆರಾದ ಚಿತ್ರದ ಅಗಲ 3,840 ಚುಕ್ಕಿ. ಗುರಿಯ ಸುತ್ತ 4 ಮೀಟರ್ ಅಗಲ ತೋರಿಸುವ ಹಾಗೆ ಹೊಂದಿಸಿದರೆ ಒಂದು ಚುಕ್ಕಿಗೆ 1 ಮಿಲಿಮೀಟರ್. ತೂತು ಹತ್ತು ಚುಕ್ಕಿ ಅಗಲ ಕಾಣುತ್ತದೆ, ಚೆನ್ನಾಗಿ ಗುರುತಿಸಬಹುದು. ಅದೇ ಕ್ಯಾಮೆರಾ 40 ಮೀಟರ್ ಅಗಲ ತೋರಿಸಬೇಕು ಅಂದರೆ ತೂತು ಒಂದೇ ಚುಕ್ಕಿ. ಅದು ಕಾಣುವುದಿಲ್ಲ. ಅಂದರೆ ಕಾಗದಕ್ಕೆ ಒಂದು, ಬಯಲಿಗೆ ಬೇರೆ ಕ್ಯಾಮೆರಾ ಬೇಕೇ ಬೇಕು.

ಬಯಲು ನೋಡುವ ಕ್ಯಾಮೆರಾ ಎರಡು ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಂದೇ ಕ್ಯಾಮೆರಾ ಗುರಿಯ ನೇರಕ್ಕೆ ನೋಡುತ್ತಿದ್ದರೆ ಧೂಳು ಎಡಕ್ಕೆ ಎದ್ದಿತೋ ಬಲಕ್ಕೋ ಅಂತ ಹೇಳುತ್ತದೆ. ಗುರಿಗಿಂತ ಮುಂಚೆ ಬಿತ್ತೋ ದಾಟಿ ಬಿತ್ತೋ ಅನ್ನುವುದು ಅದಕ್ಕೆ ತಿಳಿಯದು. ಎರಡನೆಯದು ಮೊದಲನೆಯದಕ್ಕೆ ಅಡ್ಡಲಾಗಿ, ಬದಿಯಿಂದ ನೋಡಬೇಕು. ಬಯಲಿನಲ್ಲಿ ಅಳತೆ ಮಾಡಿ ನೆಟ್ಟ ಕೆಲವು ಬಣ್ಣದ ಗೂಟಗಳಿದ್ದರೆ, ಎರಡೂ ಚಿತ್ರ ಸೇರಿಸಿ ಗುಂಡು ಬಿದ್ದ ಜಾಗವನ್ನು ನಕ್ಷೆಯಲ್ಲಿ ಗುರುತು ಹಾಕಬಹುದು.

ಮುಂಚೆ ಬಿದ್ದದ್ದು ತಿಳಿದರೆ ತಿದ್ದುವುದು ಹೇಗೆ? ಗುಂಡು ಕೊನೆಗೆ ಸುಮಾರು 30 ಡಿಗ್ರಿ ಓರೆಯಲ್ಲಿ ಇಳಿಯುತ್ತಿದೆ ಅಂತ ಇಟ್ಟುಕೊಳ್ಳಿ. ಗುರಿಗಿಂತ 10 ಮೀಟರ್ ಮುಂಚೆ ಬಿದ್ದರೆ, ಗುರಿಯ ಜಾಗದಲ್ಲಿ ಅದು ಹೆಚ್ಚುಕಡಿಮೆ 6 ಮೀಟರ್ ತಗ್ಗಿನಲ್ಲಿದೆ ಅಂತ ಅರ್ಥ. ಸ್ಕೋಪ್ ತಿದ್ದುವ ಅಳತೆ ಮಿಲ್, ಅಂದರೆ ದೂರದ ಸಾವಿರದಲ್ಲಿ ಒಂದು ಪಾಲು; ಈ ದೂರದಲ್ಲಿ ಒಂದು ಮಿಲ್ 7.1 ಮೀಟರ್. ಹಾಗಾಗಿ ಸ್ಕೋಪಿನಲ್ಲಿ 0.8 ಮಿಲ್ ಮೇಲೆತ್ತಬೇಕು. ನೆಲ ಸಮತಟ್ಟಾಗಿರದಿದ್ದರೆ ಲೆಕ್ಕ ಬದಲಾಗುತ್ತದೆ. ಅದಕ್ಕೆ ಮೊದಲೇ ನೆಲದ ಏರಿಳಿತ ಗೊತ್ತಿರಬೇಕು. ಇದು ಡ್ರೋನಿನ ಕೆಲಸ, ಮುಂದೆ ಹೇಳುತ್ತೇನೆ.

ಗುಂಡನ್ನೇ ಚಿತ್ರದಲ್ಲಿ ಹಿಡಿಯುವ ಆಸೆ ಬೇಡ. ಸೆಕೆಂಡಿಗೆ 60 ಚಿತ್ರ ತೆಗೆದರೂ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಗುಂಡು ಮೂರೂವರೆ ಮೀಟರ್ ಸರಿದಿರುತ್ತದೆ. ಹಿಡಿಯಬೇಕಾದದ್ದು ಧೂಳನ್ನು, ಅದೂ ಎದ್ದ ಮೊದಲ ಕ್ಷಣದ್ದನ್ನು. ಸ್ವಲ್ಪ ತಡವಾದರೂ ಗಾಳಿ ಅದನ್ನು ಪಕ್ಕಕ್ಕೆ ಒಯ್ದಿರುತ್ತದೆ, ನಾವು ತಪ್ಪು ಜಾಗ ಹೇಳುತ್ತೇವೆ. ರೇಡಿಯೋದಲ್ಲಿ 'ಹೊಡೆದೆ' ಅಂತ ಕೇಳಿದ ಕೂಡಲೇ ಗಡಿಯಾರ ಒತ್ತಿ, 24ನೇ ಸೆಕೆಂಡಿನ ಆಚೀಚೆಯ ಚಿತ್ರಗಳನ್ನು ಒಂದೊಂದಾಗಿ ಹಿಂದಕ್ಕೆ ಓಡಿಸಿ ನೋಡಬೇಕು. ಹಾರುವ ಸಮಯ ಮೊದಲೇ ಗೊತ್ತಿರುವುದು ಇಲ್ಲಿ ದೊಡ್ಡ ಅನುಕೂಲ.

ಕಾಗದ ನೋಡುವ ಕ್ಯಾಮೆರಾವನ್ನು ಬೋರ್ಡಿಗೆ ಅಂಟಿಕೊಂಡ ಹಾಗೆ ಇಡುವ ಅಗತ್ಯ ಇಲ್ಲ. 150 ಮೀಟರ್ ದೂರದಲ್ಲಿ, ಓರೆಯಾಗಿ, ಮರಳಿನ ಚೀಲಗಳ ಹಿಂದೆ ಸ್ಪಾಟಿಂಗ್ ಸ್ಕೋಪ್ ನಿಲ್ಲಿಸಿ ಅದಕ್ಕೆ ಫೋನ್ ಸಿಕ್ಕಿಸಿದರೂ ಸಾಕು. ಅಲ್ಲಿಂದ ಅದೇ ತೂತು 14 ಆರ್ಕ್‌ಸೆಕೆಂಡಿಗಿಂತ ಜಾಸ್ತಿ ಕಾಣುತ್ತದೆ. ಓರೆಯಿಂದಾಗಿ ಅಗಲ ಸ್ವಲ್ಪ ಕುಗ್ಗಿದರೂ 80 ಮಿಲಿಮೀಟರ್ ಗಾಜಿಗೆ ಅದು ಸಲೀಸು.

ತೊಂದರೆ ಬರುವುದು ಚಿತ್ರವನ್ನು ಶೂಟರ್ ಬಳಿಗೆ ಕಳಿಸುವಲ್ಲಿ. ಅಂಗಡಿಯಲ್ಲಿ ಸಿಗುವ ಟಾರ್ಗೆಟ್ ಕ್ಯಾಮೆರಾಗಳನ್ನು ಒಂದು ಮೈಲಿ, ಎರಡು ಮೈಲಿ ಅಂತ ಮಾರುತ್ತಾರೆ. ಇದು 4.4 ಮೈಲಿ. ಬಲವಾದ ಆಂಟೆನಾ ತಂದರೂ ಸಾಲದು. ರೇಡಿಯೋ ಅಲೆ ಸಾಗಲು ನಡುವೆ ಒಂದಿಷ್ಟು ಅಗಲದ ಖಾಲಿ ಜಾಗ ಬೇಕು, ಅದನ್ನು ಫ್ರೆನೆಲ್ ವಲಯ ಅನ್ನುತ್ತಾರೆ. 2.4 ಗಿಗಾಹರ್ಟ್ಸ್ ವೈಫೈಗೆ ಈ ದೂರದ ನಟ್ಟನಡುವೆ ಅದರ ತ್ರಿಜ್ಯ ಸುಮಾರು 15 ಮೀಟರ್. ಅದರಲ್ಲಿ ಶೇಕಡ 60ರಷ್ಟಾದರೂ, ಅಂದರೆ 9 ಮೀಟರ್, ನೆಲಕ್ಕೆ ತಾಗದ ಹಾಗೆ ಇರಬೇಕು. ಜೊತೆಗೆ ಭೂಮಿಯ ಗುಂಡಗಿನ ಉಬ್ಬೇ ನಡುವೆ ಒಂದು ಮೀಟರ್ ಹತ್ತಿರ ಬರುತ್ತದೆ. ಮೂರುಕಾಲಿನ ಸ್ಟ್ಯಾಂಡ್ ಮೇಲೆ ಒಂದೂವರೆ ಮೀಟರ್ ಎತ್ತರಕ್ಕೆ ಆಂಟೆನಾ ಇಟ್ಟವರಿಗೆ ಬಯಲಿನಲ್ಲಿ ಚಿತ್ರ ಒಡೆದೊಡೆದು ಬರುವುದು ಇದಕ್ಕೇ. ಎರಡೂ ಕಡೆ ದಿಬ್ಬ ಇದ್ದು ನಡುವೆ ಕಣಿವೆ ಇದ್ದರೆ ಮಾತ್ರ ಸುಲಭ.

ಆದರೆ ವಿಡಿಯೋ ಅಷ್ಟು ದೂರ ಹೋಗಬೇಕು ಅಂತ ಯಾರು ಹೇಳಿದರು? ಗುರಿಯ ಕಡೆ, ಸುರಕ್ಷಿತ ಜಾಗದಲ್ಲಿ ಒಬ್ಬರು ಮೂರು ಪರದೆ ಇಟ್ಟುಕೊಂಡು ಕುಳಿತಿರಲಿ. ಅವರಿಂದ ಬರಬೇಕಾದದ್ದು ಒಂದು ಸಾಲು: ಮೂರು ಮೀಟರ್ ಎಡಕ್ಕೆ, ಹತ್ತು ಮೀಟರ್ ಮುಂಚೆ. ಅದಕ್ಕೆ ಮಾತಿನ ರೇಡಿಯೋ ಸಾಕು. ಶೂಟರ್ ಕಣ್ಣಿಗೆ ಪರದೆ ಇಲ್ಲದಿರುವುದು ಒಳ್ಳೆಯದೇ. ಅವರು ಗಾಳಿಯನ್ನು ನೋಡುತ್ತಿರಲಿ.

ಡ್ರೋನ್

ಡ್ರೋನ್ ಹಾರಿಸಿ ತೂತು ನೋಡಿ ಬರುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಈ ಪ್ರಕರಣಕ್ಕೆ ಹಚ್ಚಿ ನೋಡಿದರೆ ಅದು ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತದೆ. ಅಮೆರಿಕದ ವಿಮಾನಯಾನ ಇಲಾಖೆಯ ನಿಯಮದ ಪ್ರಕಾರ ಡ್ರೋನ್ ಕಣ್ಣಿಗೆ ಕಾಣುತ್ತಲೇ ಇರಬೇಕು. 35 ಸೆಂಟಿಮೀಟರ್ ಅಗಲದ ಡ್ರೋನ್ 1,200 ಮೀಟರ್ ದಾಟಿದರೆ ಬರಿಗಣ್ಣಿನ ಮಿತಿಯನ್ನೇ ದಾಟುತ್ತದೆ. ನಿಜವಾಗಿ ಅದಕ್ಕಿಂತ ಎಷ್ಟೋ ಮೊದಲೇ ಆಕಾಶದಲ್ಲಿ ಕಳೆದುಹೋಗುತ್ತದೆ. ಒಂದು ಮೈಲಿಯ ಗುರಿಗೇ ಶೂಟರ್ ಬಳಿ ನಿಂತು ಡ್ರೋನ್ ಕಳಿಸುವುದು ನಿಯಮ ಮೀರಿದ ಹಾಗೆ. 7 ಕಿಲೋಮೀಟರ್ ಅಂತೂ ದೂರದ ಮಾತು. ನಮ್ಮ ದೇಶದಲ್ಲೂ 2021ರ ಡ್ರೋನ್ ನಿಯಮಗಳು ಹಸಿರು ವಲಯದಲ್ಲಿ ಅನುಮತಿ ಕೇಳದೆ ಹಾರಿಸಲು ಇಟ್ಟಿರುವ ಎತ್ತರ 400 ಅಡಿ. ಅಮೆರಿಕದಲ್ಲೂ ಅಷ್ಟೇ.

ಹಾಗಾದರೆ ಡ್ರೋನ್ ಹಾರಿಸುವವರು ಗುರಿಯ ಕಡೆಯೇ ಇರಬೇಕು. ಅಲ್ಲಿದ್ದರೂ ಗುಂಡು ಹಾರುತ್ತಿರುವಾಗ ಡ್ರೋನನ್ನು ಗುರಿಯ ಹತ್ತಿರ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ಗುಂಡುಗಳು ಹತ್ತಾರು ಮೀಟರ್ ಚದುರುವ ಜಾಗ ಅದು. ಡ್ರೋನ್ ಹಾರಿಸುವವರ ಗಮನ ಮೇಲಿರುತ್ತದೆ, ಮರೆಯಿಂದ ಒಂದು ಹೆಜ್ಜೆ ಹೊರಗೆ ಬಂದರೂ ಅಪಾಯ. ಬ್ಯಾಟರಿಯ ಲೆಕ್ಕವೂ ಕೂಡಿಬರುವುದಿಲ್ಲ. ಒಂದು ಗುಂಡಿಗೆ ಮೂರು ನಿಮಿಷ ಅಂತ ಹಿಡಿದರೂ 69 ಗುಂಡಿಗೆ ಮೂರೂವರೆ ಗಂಟೆ ಹತ್ತಿರ ಆಗುತ್ತದೆ. ಅರ್ಧ ಗಂಟೆ ಹಾರುವ ಡ್ರೋನಿಗೆ ಏಳು ಬ್ಯಾಟರಿ ಬೇಕು. ಸ್ಟ್ಯಾಂಡಿನ ಮೇಲಿನ ಕ್ಯಾಮೆರಾ ಅಲುಗಾಡದೆ ಅದೇ ಕೆಲಸ ಮಾಡುತ್ತದೆ.

ತೂತು ನೋಡಲು ಡ್ರೋನ್ ಗುರಿಯ ಎದುರಿಗೆ 5 ಮೀಟರ್ ಹತ್ತಿರ ಬರಬೇಕು. ಆಗ ಸಾಮಾನ್ಯ ಕ್ಯಾಮೆರಾದಲ್ಲಿ ಒಂದು ಚುಕ್ಕಿಗೆ ಸುಮಾರು 2 ಮಿಲಿಮೀಟರ್ ಸಿಗುತ್ತದೆ. ಅಷ್ಟು ಹತ್ತಿರದಲ್ಲಿ ರೆಕ್ಕೆಯ ಗಾಳಿಗೆ ಕಾಗದ ಪಟಪಟ ಅನ್ನುತ್ತದೆ, ತುದಿ ಹರಿದಿದ್ದರೆ ಇನ್ನಷ್ಟು ಹರಿಯುತ್ತದೆ.

ಡ್ರೋನಿಗೆ ತಕ್ಕ ಕೆಲಸ ಬೇರೆ ಇದೆ, ಮತ್ತು ಆ ಕೆಲಸದಲ್ಲಿ ಅದಕ್ಕೆ ಸಾಟಿ ಇಲ್ಲ. ಒಂದು, ಗುಂಡು ಹಾರಿಸುವ ಮೊದಲು ಬಯಲು ಖಾಲಿ ಇದೆಯಾ ಅಂತ ನೋಡುವುದು. 7 ಕಿಲೋಮೀಟರ್ ಉದ್ದದ ಜಾಗದಲ್ಲಿ ದನ ಮೇಯುತ್ತಿರಬಹುದು, ತಗ್ಗಿನಲ್ಲಿ ಬೇಟೆಯವರ ಗಾಡಿ ನಿಂತಿರಬಹುದು. ನೆಲದಲ್ಲಿ ನಿಂತವರಿಗೆ ಕಾಣದ ಹಳ್ಳಕೊಳ್ಳ ಮೇಲಿನಿಂದ ಕಾಣುತ್ತದೆ. ಕಣ್ಣಳತೆಯ ನಿಯಮ ಇರುವುದರಿಂದ ಹಲವು ಕಡೆ ನಿಂತು, ತುಂಡು ತುಂಡಾಗಿ ಹಾರಿಸಬೇಕು. ಬೆಳಿಗ್ಗೆ ಒಂದಷ್ಟು ಹೊತ್ತು ಹಿಡಿಯುತ್ತದೆ. ಹಿಡಿಯಲಿ. ಈ ಆಟದಲ್ಲಿ ಇನ್ನೇನು ಬಿಟ್ಟರೂ ನಡೆಯುತ್ತದೆ, ಇದನ್ನು ಬಿಡುವ ಹಾಗಿಲ್ಲ.

ಎರಡು, ಗುರಿಯ ಸುತ್ತಲಿನ ನೆಲದ ನಕ್ಷೆ. 20 ಮೀಟರ್ ಎತ್ತರದಿಂದ ತೆಗೆದರೆ ಒಂದು ಚಿತ್ರದಲ್ಲಿ ಸುಮಾರು 30 ಮೀಟರ್ ಅಗಲ ಬರುತ್ತದೆ, ಒಂದು ಚುಕ್ಕಿಗೆ ಮುಕ್ಕಾಲು ಸೆಂಟಿಮೀಟರ್. ಇಂಥ ಚಿತ್ರಗಳನ್ನು ಜೋಡಿಸಿದರೆ ನೆಲದ ಏರಿಳಿತವೂ ಸಿಗುತ್ತದೆ. ಮುಂಚೆ ಬಿದ್ದ ಗುಂಡಿಗೆ ಎಷ್ಟು ತಿದ್ದಬೇಕು ಅನ್ನುವ ಲೆಕ್ಕ ಇದರ ಮೇಲೇ ನಿಂತಿದೆ.

ಮೂರನೆಯದು ನನಗೆ ತುಂಬಾ ಇಷ್ಟವಾದದ್ದು. ನೆಲ ಒದ್ದೆಯಾಗಿದ್ದರೆ, ಹುಲ್ಲು ದಟ್ಟವಾಗಿದ್ದರೆ ಧೂಳು ಏಳುವುದೇ ಇಲ್ಲ. ಕ್ಯಾಮೆರಾಗೆ ಏನೂ ಕಾಣುವುದಿಲ್ಲ. ಆಗ ಐದಾರು ಗುಂಡಿಗೊಮ್ಮೆ ಫೈರಿಂಗ್ ನಿಲ್ಲಿಸಬೇಕು. ಬೋಲ್ಟ್ (ಗುಂಡು ತುಂಬುವ ಜಾಗವನ್ನು ಮುಚ್ಚುವ ಭಾಗ) ತೆರೆದು, ರೈಫಲ್ ಖಾಲಿ ಅಂತ ಇಬ್ಬರು ನೋಡಿ, ಎಲ್ಲರೂ ರೈಫಲ್ಲಿನಿಂದ ದೂರ ಸರಿದ ಮೇಲೆ ರೇಡಿಯೋದಲ್ಲಿ ಹೇಳಿ ಡ್ರೋನ್ ಎಬ್ಬಿಸಬೇಕು. ಬೆಳಿಗ್ಗೆಯ ಚಿತ್ರಕ್ಕೂ ಈಗಿನ ಚಿತ್ರಕ್ಕೂ ಹೋಲಿಸಿದರೆ ಹೊಸದಾಗಿ ಕೆದರಿದ ಮಣ್ಣು ಎದ್ದು ಕಾಣುತ್ತದೆ. ಯಾವ ಕುಳಿ ಎಷ್ಟನೇ ಗುಂಡಿನದು ಅಂತ ಬಿಡಿಯಾಗಿ ಹೇಳಲಾಗದು. ಆದರೆ ಐದೂ ಗುಂಡು ಸೇರಿ ಯಾವ ಕಡೆ ವಾಲಿವೆ ಅಂತ ತಿಳಿಯುತ್ತದೆ. ಕತ್ತಲಲ್ಲಿದ್ದ ಶೂಟರ್‌ಗೆ ಅದು ಬಹಳ ದೊಡ್ಡ ಸುಳಿವು.

ತಾಗಿದ್ದು ಕೌಶಲವೋ ಅದೃಷ್ಟವೋ

8 ಇಂಚಿನ ವೃತ್ತದ ವಿಸ್ತೀರ್ಣ 0.0324 ಚದರ ಮೀಟರ್. 69 ಗುಂಡುಗಳು ಒಂದೂವರೆ ಮೀಟರ್ ಉದ್ದಗಲದ ಚೌಕದೊಳಗೆ ಸಮವಾಗಿ ಹರಡಿದ್ದರೆ, ಸರಾಸರಿ ಒಂದು ಬುಲ್ಸ್‌ಐಗೆ ತಾಗುತ್ತದೆ. ಚೌಕ 10 ಮೀಟರ್ ಆದರೆ ಮೂರು ಸಾವಿರಕ್ಕೆ ಒಂದು. ಗಂಟೆಗೆ ಒಂದು ಮೈಲಿ ಗಾಳಿ 8 ಮೀಟರ್ ಸರಿಸುವ ದೂರದಲ್ಲಿ, ಮೊದಲ ಗುಂಡಿನಿಂದಲೇ ಎಲ್ಲವೂ ಒಂದೂವರೆ ಮೀಟರಿನೊಳಗೆ ಬೀಳುವುದು ಸಾಧ್ಯವಿಲ್ಲದ ಮಾತು. ಹಾಗಾಗಿ ಅದೃಷ್ಟದ ಪಾಲು ಇದ್ದೇ ಇದೆ. ಈ ಆಟದಲ್ಲಿ ಮೊದಲ ಮೂರು ಗುಂಡುಗಳೂ ಸತತವಾಗಿ ತಾಗಿದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವ ಕಟ್ಟುನಿಟ್ಟಿನ ಪಂಗಡವೂ ಇದೆ. ಅವರ ಕಣ್ಣಿನಲ್ಲಿ 69ಕ್ಕೆ ಒಂದು ಅನ್ನುವುದು ದಾಖಲೆಯೇ ಅಲ್ಲ.

ನಾನು ಅಷ್ಟು ದೂರ ಹೋಗುವುದಿಲ್ಲ. ಅದೃಷ್ಟವನ್ನೂ ಕೌಶಲವನ್ನೂ ಬೇರೆ ಮಾಡಿ ತೋರಿಸುವ ದಾರಿ ಕ್ಯಾಮೆರಾದಲ್ಲೇ ಇದೆ. ಎರಡೂ ಕಡೆಯ ಗಡಿಯಾರ ಒಂದೇ ಸಮಯಕ್ಕೆ ಹೊಂದಿಸಿ, ಟ್ರಿಗರ್ ಒತ್ತಿದ ಕ್ಷಣದಿಂದ ಗುಂಡು ಬೀಳುವ ತನಕ ಎಲ್ಲೂ ಕತ್ತರಿಸದ ವಿಡಿಯೋ ಇರಬೇಕು. ಗುಂಡಿಗೆ ಮೊದಲು ಕಾಗದ ಹೇಗಿತ್ತು, ಆಮೇಲೆ ಹೇಗಿದೆ ಅನ್ನುವ ಚಿತ್ರ ಬೇಕು. ಇಲ್ಲದಿದ್ದರೆ ತೂತು ಇರುತ್ತದೆ, ಅದು ಎಷ್ಟನೇ ಗುಂಡಿನದು ಅನ್ನುವುದಕ್ಕೆ ಪುರಾವೆ ಇರುವುದಿಲ್ಲ.

ಹಾಗೆಯೇ ತಾಗಿದ ಗುಂಡಿನ ವಿಡಿಯೋ ಮಾತ್ರ ಇಟ್ಟುಕೊಳ್ಳುವುದು ಸಾಲದು, ತಪ್ಪಿದವುಗಳದ್ದೂ ಬೇಕು. ಬಿದ್ದ ಜಾಗಗಳನ್ನು ಕ್ರಮವಾಗಿ ನಕ್ಷೆಯಲ್ಲಿ ಗುರುತು ಹಾಕಿ. ಮೊದಲ ಹತ್ತು ಗುಂಡು ಗುರಿಯಿಂದ ಸರಾಸರಿ ಎಷ್ಟು ದೂರ, ಕೊನೆಯ ಹತ್ತು ಎಷ್ಟು ದೂರ ಅಂತ ಅಳೆಯಿರಿ. ದೂರ ಕಡಿಮೆಯಾಗುತ್ತಾ ಬಂದಿದ್ದರೆ ತಂಡ ಪ್ರತಿ ಗುಂಡಿನಿಂದ ಕಲಿತಿದೆ, ಗಾಳಿ ಓದಿದೆ, ಸ್ಪಾಟರ್ ಹೇಳಿದ್ದನ್ನು ಸರಿಯಾಗಿ ಬಳಸಿಕೊಂಡಿದೆ. 60ನೆಯದೂ 5ನೆಯದರಷ್ಟೇ ದೂರ ಬಿದ್ದಿದ್ದರೆ 69ನೆಯದನ್ನು ಕೌಶಲದ ಖಾತೆಗೆ ಪೂರ್ತಿ ಹಾಕಲಾಗದು. ಇಂಥ ದೂರಕ್ಕೆ ಕೈ ಹಾಕುವ ಪ್ರತಿ ತಂಡವೂ ಈ ನಕ್ಷೆಯನ್ನು ಬುಲ್ಸ್‌ಐ ಚಿತ್ರದ ಪಕ್ಕದಲ್ಲೇ ಹೊರಗಿಡಬೇಕು ಅಂತ ನಾನು ಕೇಳುತ್ತೇನೆ.